ಸಾಕು ಅಂದರೆ ನಿಲ್ಲುವ ರೇಡಿಯೋ

ಲ್ಯಾಬಿನ ಷಟರ್ ಎಳೆದಾಗ ಎಂಟೂವರೆ. ಗರ್ರ್ರ್... ಕೊನೆಯಲ್ಲೊಂದು ಠಣ್. ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅವಳು ಹೊರಟಳು. ಮನೆಗೆ ಕಾಲು ಗಂಟೆಯ ದಾರಿ. ಮೊದಲು ಸಾಲು ಅಂಗಡಿ, ಆಮೇಲೆ ಮುಚ್ಚಿದ ಗೋದಾಮಿನ ಉದ್ದ ಗೋಡೆ, ಗೋಡೆ ತಿರುಗುವಲ್ಲಿ ಒಂದು ಹಳೇ ಬಾವಿ. ಈಗ ನೀರು ಸೇದುವವರಿಲ್ಲ. ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಬಿಗಿದಿದ್ದಾರೆ. ಬೀದಿದೀಪ ಇದೆ, ಆದರೆ ಅದು ಬಾವಿಗೆ ಬೆನ್ನು ಹಾಕಿ ನಿಂತಿದೆ.

ಆ ಜಾಗದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಬಾವಿಯ ಕಟ್ಟೆ ಶುರುವಾಗುವಲ್ಲಿ ಕಿವಿಯೊಳಗಿನ ಹಾಡು ಫಟ್ಟನೆ ನಿಲ್ಲುತ್ತದೆ. ಹನ್ನೊಂದು ಹೆಜ್ಜೆ ಮೌನ. ಹನ್ನೆರಡನೆಯದಕ್ಕೆ ಮತ್ತೆ ಹಾಡು. ದಿನಾ ಹೀಗೇ. ಅವಳು ಎಣಿಸಿಟ್ಟುಕೊಂಡಿದ್ದಳು.

ಆ ದಿನ ಆ ಹನ್ನೊಂದು ಹೆಜ್ಜೆ ಮೌನವಾಗಿರಲಿಲ್ಲ.

ತಡೀರಿ... ಅವಳು ಯಾರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದೂ ಯಾರೋ ಯಾರಿಗೋ ಹೇಳಿದ ಸಂಗತಿ ಅಂದುಕೊಂಡು ಆಕಳಿಸುತ್ತೀರಿ. ಅವಳು ನನ್ನ ಚಿಕ್ಕಮ್ಮನ ಮಗಳು. ನನಗಿಂತ ಆರು ವರ್ಷ ಚಿಕ್ಕವಳು. ಎಲ್ಲರೂ ಕರೆಯುವುದು ಹಲ್ಲಕ್ಕ ಅಂತ. ಹಲ್ಲು ಉಬ್ಬಿದೆ ಅಂತಲ್ಲ. ಹಲ್ಲು ಮಾಡುತ್ತಾಳೆ ಅಂತ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ವಾಪಸು ಕಳಿಸುತ್ತಾಳೆ. ಎಲ್ಲಾದರೂ ನಾಲ್ಕು ಜನ ಮುದುಕರು ಕೂತು ನಕ್ಕರೆ ಇವಳು ಮುಖ ನೋಡುವುದಿಲ್ಲ. ಬಾಯಿ ನೋಡಿ, ನನ್ನ ಕಿವಿಯಲ್ಲಿ, ‘ಆ ಮೇಲಿನದು ನಂದು’ ಅನ್ನುತ್ತಾಳೆ.

ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಒಂದು ಕಡೆ ಎರಡು ತಿಂಗಳು ಕೂತರೆ ಮೈಗೆ ಜಡ್ಡು ಬರುತ್ತದೆ. ದೆವ್ವ ಇದೆ ಅಂತ ಹೆಸರಾದ ಹೋಟೆಲುಗಳಲ್ಲಿ, ಜನ ಕಡಿಮೆ ಅಂತ ಬೇಕೆಂದೇ ಮಲಗಿದ್ದೇನೆ. ತಿಗಣೆ ಬಿಟ್ಟರೆ ಅಲ್ಲಿ ನನ್ನನ್ನು ಯಾರೂ ಮುಟ್ಟಲಿಲ್ಲ. ಆದ್ದರಿಂದ ನಾನು ಹೆದರುಪುಕ್ಕಲಿ ಅಂತ ಮಾತ್ರ ಅನ್ನಬೇಡಿ. ಇನ್ನೊಂದು ಮಾತು, ಅದನ್ನು ಮುಚ್ಚಿಡುವುದಿಲ್ಲ: ಆ ರೇಡಿಯೋವನ್ನು ಅವಳ ಫೋನಿಗೆ ಹಾಕಿಕೊಟ್ಟವಳು ನಾನೇ.

ಅದು ಎಲ್ಲರಿಗೂ ಒಂದೇ ಹಾಡು ಬಿತ್ತರಿಸುವ ರೇಡಿಯೋ ಅಲ್ಲ. ಇಂಟರ್ನೆಟ್ಟಿನದು, ಒಬ್ಬೊಬ್ಬರಿಗೆ ಒಂದೊಂದು. ಒಂದು ಹಾಡು ಹಾಕುತ್ತದೆ. ಹಿಡಿಸಿದರೆ ಹೆಬ್ಬೆರಳು ಮೇಲಿರುವ ಗುರುತು ಒತ್ತಬೇಕು, ಹಿಡಿಸದಿದ್ದರೆ ಕೆಳಗಿನದು. ನಿಮ್ಮ ಬೆರಳು ನೋಡಿ ನೋಡಿ ಅದು ನಿಮ್ಮನ್ನು ಕಲಿಯುತ್ತದೆ. ಆಮೇಲೆ ನೀವು ಹುಟ್ಟಿದಾಗಿನಿಂದ ಕೇಳಿಯೇ ಇರದ ಹಾಡನ್ನು ತಂದು, ಇದು ನಿಮ್ಮದೇ ಅಲ್ಲವಾ ಅನ್ನುವ ಹಾಗೆ ಕಿವಿಗೆ ಹಾಕುತ್ತದೆ.

‘ನಿಂಗಿಷ್ಟವಾದ ಒಂದು ಹಾಡು ಹೇಳು, ಅಲ್ಲಿಂದ ಶುರು ಮಾಡೋಣ’ ಅಂದೆ. ಅವಳು ಸುಮಾರು ಹೊತ್ತು ಮೇಣದ ಚಾಕು ಒರೆಸುತ್ತಾ ಕೂತಳು. ಚಿಕ್ಕಂದಿನಲ್ಲಿ ಅಪ್ಪ ಹಾಕಿದ್ದು, ಹಾಸ್ಟೆಲಿನಲ್ಲಿ ಜೊತೆಯವಳು ಹಾಕಿದ್ದು, ಮದುವೆಯಾದ ಮೇಲೆ ಗಂಡ ಹಾಕಿದ್ದು... ಆ ಗಂಡ ಬೇರೆ ಸಂಸಾರ ಹೂಡಿ ಎಂಟು ವರ್ಷವಾಗಿತ್ತು, ಅವನ ಹಾಡುಗಳು ಮಾತ್ರ ಇವಳ ತಲೆಯಲ್ಲಿ ಬಾಡಿಗೆ ಕೊಡದೆ ಕೂತಿದ್ದವು. ತನ್ನದು ಅಂತ ಒಂದು ಹಾಡೂ ಇರಲಿಲ್ಲ. ಕೊನೆಗೆ, ‘ಯಾವ್ದೋ ಒಂದು ಒತ್ತಕ್ಕ’ ಅಂದಳು. ಒತ್ತಿ ಕೊಟ್ಟು ನಾನು ಹೊರಟುಹೋದೆ.

ಒಂದು ತಿಂಗಳಾದ ಮೇಲೆ ಫೋನು ಬಂತು. ಬೇರೆ ಯಾರೋ ಮಾತಾಡಿದ ಹಾಗಿತ್ತು. ಯಾವುದೋ ಮರಳುಗಾಡಿನ ಮೂರು ತಂತಿ ವಾದ್ಯವಂತೆ, ಯಾವುದೋ ದ್ವೀಪದ ಮುದುಕಿಯರು ವಾದ್ಯವೇ ಇಲ್ಲದೆ ಹಾಡುತ್ತಾರಂತೆ, ಹಡಗು ಒಡೆಯುವ ಕೂಲಿಗಳು ಸುತ್ತಿಗೆ ಏಟಿಗೆ ಹಾಡುತ್ತಾರಂತೆ. ‘ನಲವತ್ತೊಂದು ವರ್ಷ ಆದ್ಮೇಲೆ ಗೊತ್ತಾಯ್ತಕ್ಕ’ ಅಂದಳು, ‘ನಂಗೆ ಕೊಳಲು ಕಂಡ್ರೆ ಆಗಲ್ಲ. ಎಲ್ರೂ ಚೆಂದ ಅಂತಾರಲ್ಲ, ನಂಗೂ ಚೆಂದ ಅಂದ್ಕೊಂಡಿದ್ದೆ.’

ಖುಷಿಯಾಯಿತು ನನಗೆ. ಸುಳ್ಳು ಯಾಕೆ ಹೇಳಲಿ.

ತೊಂದರೆ ಒಂದೇ. ಕೆಲಸ ಮಾಡುವಾಗ ಅವಳ ಎರಡೂ ಕೈ ಪ್ಲಾಸ್ಟರಿನಲ್ಲಿ. ಮಧ್ಯೆ ಯಾರಾದರೂ ಬಂದರೆ ಹಾಡು ನಿಲ್ಲಿಸಲು ಫೋನು ಮುಟ್ಟಬೇಕು, ಮುಟ್ಟಿದರೆ ಫೋನಿಗೆ ಬಿಳಿ ಮೆತ್ತುತ್ತದೆ. ಒಂದು ದಿನ ಆ ರೇಡಿಯೋದ ಸೆಟ್ಟಿಂಗಿನಲ್ಲಿ ಅವಳ ಕಣ್ಣಿಗೆ ಬಿತ್ತು: ನಿಲ್ಲಿಸಲು ನಿಮ್ಮದೇ ಒಂದು ಪದ ಕಲಿಸಿ, ಮೂರು ಸಲ ಸ್ಪಷ್ಟವಾಗಿ ಹೇಳಿ. ಲ್ಯಾಬಿನಲ್ಲಿ ಹೇಳಿದರೆ ಮೋಟಾರಿನ ಸದ್ದು. ಮನೆಯಲ್ಲಿ ಪಕ್ಕದವರ ಟೀವಿ. ಸದ್ದಿಲ್ಲದ ಜಾಗ ಅಂದರೆ ಬರುವ ದಾರಿಯಲ್ಲಿ ಒಂದೇ.

ಮೊದಲು ಹೇಳಿದೆನಲ್ಲ, ಆ ದಿನ ಬಾವಿಯ ಕಟ್ಟೆಗೆ ಒರಗಿ ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಅವಳು ಹೇಳಿದಳು.

‘ಸಾಕು... ಸಾಕು... ಸಾಕು.’

ನೀವಾಗಿದ್ದರೂ ಅದೇ ಪದ ಆರಿಸುತ್ತಿದ್ದಿರಿ. ನಾನೂ ಅಷ್ಟೇ.

ಫೋನಿನಲ್ಲಿ ಚಕ್ರ ಸುತ್ತುತ್ತಾ ಇತ್ತು. ಆಮೇಲೆ ನೋಡಿಕೊಂಡರಾಯಿತು ಅಂತ ಚೀಲಕ್ಕೆ ಹಾಕಿ ಹೆಜ್ಜೆ ಕಿತ್ತಳು. ಹಾಡಿಲ್ಲ, ಸರಿ. ಆದರೆ ಕಿವಿಯಲ್ಲಿ... ಹ್ಞ... ಹ್ಞ... ತುಂಬ ಸಣ್ಣ ಉಸಿರು. ಹಾಲು ಕುಡಿಯುವಾಗ ಕೂಸಿನ ಮೂಗಿನಿಂದ ಬರುತ್ತದಲ್ಲ, ಆ ಸದ್ದು. ತನ್ನದೇ ಉಸಿರು ಅಂದುಕೊಂಡಳು. ಉಸಿರು ಬಿಗಿಹಿಡಿದು ನೋಡಿದಳು. ಹ್ಞ... ಹ್ಞ... ಹನ್ನೆರಡನೇ ಹೆಜ್ಜೆಗೆ ಹಾಡು ಬಂತು, ಅದು ಮುಚ್ಚಿಹೋಯಿತು.

ಮಾರನೇ ದಿನ ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸುತ್ತಾ ಪರೀಕ್ಷೆಗೆ ಅಂತ ‘ಸಾಕು’ ಅಂದಳು. ಹಾಡು ನಿಂತಿತು. ಹೇಳಿದ ಮಾತನ್ನು ಅಷ್ಟು ಚೆನ್ನಾಗಿ ಕೇಳುವವರು ಅವಳ ಬದುಕಿನಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮನೆಯಲ್ಲಿ ಇನ್ನೊಂದು ಜೀವ ಇತ್ತು. ಹಲ್ಲಕ್ಕನ ಸ್ವಂತ ಅಕ್ಕನ ಮಗಳು, ಏಳೂವರೆ ವರ್ಷ. ಎಳೆಗೂಸಾಗಿದ್ದಾಗ ಎತ್ತರದ ಸ್ವರದಲ್ಲಿ ಅಳುತ್ತಿದ್ದಳು ಅಂತ ಅವಳಿಗೆ ಪಿಟೀಲು ಅನ್ನುವ ಹೆಸರು ಬಿತ್ತು, ಬಿದ್ದದ್ದು ಏಳಲಿಲ್ಲ. ಮಗುವಿಗೆ ನಾಲ್ಕಾದಾಗ ತಾಯಿ ಕಾಯಿಲೆಯಲ್ಲಿ ಹೋದಳು. ಅಪ್ಪ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಹನ್ನೊಂದು ತಿಂಗಳು ನೀರಿನ ಮೇಲೆ. ಹಾಗಾಗಿ ಮಗು ಹಲ್ಲಕ್ಕನ ಮಡಿಲಿಗೆ ಬಂತು. ಅವಳನ್ನು ಚಿಕ್ಕಿ ಅಂತ ಕರೆಯುತ್ತಿತ್ತು. ಅಮ್ಮ ಅಂತ ಕರಿ ಅಂತ ಹಲ್ಲಕ್ಕ ಯಾವತ್ತೂ ಹೇಳಲಿಲ್ಲ. ಕರೆಯಲಿ ಅಂತ ಇತ್ತೋ ಏನೋ, ನಾನು ಕೇಳಿಲ್ಲ. ಆಗ ಪಿಟೀಲಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ‘ಸ’ ಅಂದರೆ ‘ಥ’ ಬರುತ್ತಿತ್ತು. ಹಲ್ಲಕ್ಕನ ಮನೆಯಲ್ಲೇ ಹಲ್ಲಿಗೆ ಬರಗಾಲ ಅಂತ ನಾನು ರೇಗಿಸುತ್ತಿದ್ದೆ.

ಇಲ್ಲಿಂದ ಮುಂದಿನದನ್ನು ಹಲ್ಲಕ್ಕ ನನಗೆ ಹೇಳಿದ್ದು ಆಮೇಲೆ, ಪಿಸುಮಾತಿನಲ್ಲಿ.

ಹಾಡುಗಳ ಹಿಂದೆ ಆ ಉಸಿರು ಇರತೊಡಗಿತು. ಮರಳುಗಾಡಿನ ತಂತಿಯ ಹಿಂದೆಯೂ ಅದೇ. ದ್ವೀಪದ ಮುದುಕಿಯರ ಹಿಂದೆಯೂ ಅದೇ. ಹಾಡಿನೊಳಗೇ ಇರುವ ಸದ್ದು ಅಂದುಕೊಂಡು ಅವಳು ಹೆಬ್ಬೆರಳು ಒತ್ತಿದಳು, ಮೇಲಿನದು. ಕೆಲವು ದಿನಕ್ಕೆ ಉಸಿರು ಹೋಗಿ ಗ್ಗ... ಗ್ಗೂ... ಆಯಿತು. ಮತ್ತೆ ಕೆಲವು ದಿನಕ್ಕೆ ತ್ತ ತ್ತ ತ್ತ. ದಿನಕ್ಕೆ ಹತ್ತು ಸಲವಾದರೂ ಅವಳು ಸಾಕು ಅನ್ನುತ್ತಿದ್ದಳು. ಡಾಕ್ಟರ ಆಳು ಅಚ್ಚು ತಂದಾಗ, ಕೆಳಗಿನ ಅಂಗಡಿಯವನು ಕೂಗಿದಾಗ, ಊಟಕ್ಕೆ ಕೂತಾಗ. ಪ್ರತಿ ಸಲ ಹಾಡು ನಿಲ್ಲುತ್ತಿತ್ತು. ಹಾಡು ನಿಂತು, ಒಂದು ಕ್ಷಣ ಬಿಟ್ಟು, ಆಮೇಲೆ ಆ ಸದ್ದು ನಿಲ್ಲುತ್ತಿತ್ತು. ಆ ಒಂದು ಕ್ಷಣವನ್ನು ಅವಳು ಗಮನಿಸಿದ್ದು ತಡವಾಗಿ.

ಎರಡು ತಿಂಗಳಾಗುವ ಹೊತ್ತಿಗೆ ಅದು ಹಾಡಿನ ಜೊತೆ ಗುನುಗುತ್ತಿತ್ತು. ಸ್ವರ ತಪ್ಪುತ್ತಿತ್ತು, ತಿದ್ದಿಕೊಳ್ಳುತ್ತಿತ್ತು.

‘ನಂಗೇನಿಷ್ಟ ಅಂತ ಅದು ಕಂಡ್ಕೊಂಡುಬಿಟ್ಟಿದೆ ಅಕ್ಕ’ ಅಂತ ಆಗ ಫೋನಿನಲ್ಲಿ ಹೇಳಿದ್ದಳು. ನಾನು ಯಾವುದೋ ಬಸ್ ನಿಲ್ದಾಣದಲ್ಲಿದ್ದೆ. ಹ್ಞೂಂ ಹ್ಞೂಂ ಅಂದೆ.

ಕಿವಿ ತುಂಬಿದವರಿಗೆ ಮನೆ ಕೇಳಿಸುವುದಿಲ್ಲ. ಪಿಟೀಲು ಪಾಠ ಓದಿ ತೋರಿಸಬೇಕು ಅಂತ ಪುಸ್ತಕ ಹಿಡಿದು ಬಂದರೆ ಹಲ್ಲಕ್ಕ ತಲೆಯಾಡಿಸುತ್ತಿದ್ದಳು, ತಾಳಕ್ಕೆ. ಒಂದು ಸಂಜೆ ಮಗು ‘ಚಿಕ್ಕಿ’ ಅಂತ ಮೂರು ಸಲ ಕರೆದು, ನಾಲ್ಕನೇ ಸಲ ಮೊಣಕೈ ಜಗ್ಗಿತಂತೆ. ಇವಳು ಸಿಡುಕಿ, ‘ಸಾಕು’ ಅಂದಳು. ಮಗು ಕೈ ಬಿಟ್ಟಿತು. ಇಯರ್‌ಫೋನಿನಲ್ಲಿ ಹಾಡು ನಿಂತಿತು. ಆ ಒಂದು ಕ್ಷಣದಲ್ಲಿ... ಯಾರೋ ಕಿಸಕ್ಕನೆ ನಕ್ಕರು.

ಅದೇ ವಾರ ಪಿಟೀಲಿನ ಅಪ್ಪನ ಸಂದೇಶ ಬಂತು. ಹಡಗು ಬಿಟ್ಟಿದ್ದಾನೆ. ಬಂದರಿನ ಹತ್ತಿರ ಸಣ್ಣ ಊಟದ ಮನೆ ಹಾಕಿದ್ದಾನೆ. ಮತ್ತೆ ಮದುವೆಯೂ ಆಗಿದ್ದಾನೆ, ಅವಳು ಒಳ್ಳೆಯವಳು. ಮಗುವನ್ನು ಕರೆದುಕೊಂಡು ಹೋಗಬಹುದು. ಆದರೆ ಕಿತ್ತುಕೊಂಡು ಹೋಗುವವನಲ್ಲ ತಾನು. ‘ನಿಂಗೆ ಸಾಕಾಗಿದ್ರೆ ಹೇಳಮ್ಮ. ಶನಿವಾರ ನಾಲ್ಕಕ್ಕೆ ಫೋನ್ ಮಾಡ್ತೀನಿ, ಒಂದೇ ಮಾತಲ್ಲಿ ಹೇಳ್ಬಿಡು.’

ನಾನು ಬಂದಿಳಿದದ್ದು ಅದರ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ.

ಹಲ್ಲಕ್ಕ ಇಳಿದುಹೋಗಿದ್ದಳು. ಲ್ಯಾಬಿನಲ್ಲಿ ಸಾಲಾಗಿ ಹತ್ತು ಜೊತೆ ವಸಡು ಒಣಗಲು ಇಟ್ಟಿದ್ದವು. ಪಾಲಿಷ್ ಮೋಟಾರು ಝ್‌ಝ್‌ಝ್ ಅನ್ನುತ್ತಿತ್ತು. ಅದನ್ನು ನಿಲ್ಲಿಸಿ, ಒಂದು ಇಯರ್‌ಫೋನನ್ನು ನನ್ನ ಕಿವಿಗೆ ಇಟ್ಟಳು.

ಹಾಡು ಬರುತ್ತಿತ್ತು. ಆ ಭಾಷೆ ನನಗೆ ಅರ್ಧಂಬರ್ಧ ಗೊತ್ತು, ಆ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಗಂಡಸಿನ ದನಿ, ಬಲೆ ಹೆಣೆಯುವವನ ಹಾಡು. ಅದರ ಹಿಂದೆ ಒಂದು ಹುಡುಗಿ. ಏಳು ವರ್ಷ ಇರಬಹುದು. ಅವನ ಸಾಲು ಮುಗಿದ ಮೇಲೆ ಅದೇ ರಾಗದಲ್ಲಿ ತಾನೂ ಒಂದು ಸಾಲು ಹಾಡುತ್ತಿದ್ದಳು. ಆದರೆ ಅವನ ಭಾಷೆಯಲ್ಲಲ್ಲ... ನಮ್ಮದರಲ್ಲಿ.

ಅಮ್ಮಾ ಅನ್ನುತ್ತಿದ್ದಳು. ಬೇರೆ ಮಾತಿಲ್ಲ. ಅಮ್ಮಾ, ಅಮ್ಮಾ, ಅಮ್ಮಾ, ರಾಗವಾಗಿ.

‘ಮೂರು ತಿಂಗಳ ಹಿಂದೆ ಕೂಸಾಗಿತ್ತು ಅಕ್ಕ’ ಅಂದಳು ಹಲ್ಲಕ್ಕ. ನಾನು ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. ಆದರೂ ಲೋಕ ಸುತ್ತಿದವಳಲ್ಲವೇ, ಜಂಬ. ಇದೆಲ್ಲ ಯಂತ್ರದ ಕಿತಾಪತಿ, ನಡಿ, ರಿಪೇರಿಯವನಿಗೆ ತೋರಿಸೋಣ ಅಂದೆ.

ಸಾಲು ಅಂಗಡಿಯಲ್ಲಿ ಫೋನ್ ರಿಪೇರಿ ಮಾಡುವವನು ನಡುವಯಸ್ಸಿನವನು, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಕೂರುತ್ತಾನೆ. ಫೋನು ತೆಗೆದುಕೊಂಡು ಒಂದೆರಡು ಕಡೆ ಒತ್ತಿದ. ಧ್ವನಿಗೆ ಇದು ನಿಲ್ಲುತ್ತದೆ ಅಂತ ನಿಮಗೆ ಯಾರು ಹೇಳಿದರು ಅಂತ ಕೇಳಿದ. ಪದ ಕಲಿಸುವ ಪುಟ ತೆರೆದು ತೋರಿಸಿದ. ಅಲ್ಲಿ ಇನ್ನೂ ಆ ಚಕ್ರ ಸುತ್ತುತ್ತಾ ಇತ್ತು. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಹೇಳಿದ್ದೀರಿ, ಪದ ಇದಕ್ಕೆ ತಲುಪಿಯೇ ಇಲ್ಲ, ಅಂದ. ಅಲ್ಲದೆ ಇದಕ್ಕೆ ನಮ್ಮ ಭಾಷೆ ಬರುವುದೇ ಇಲ್ಲ, ಬರುವ ಭಾಷೆಗಳ ಪಟ್ಟಿ ಇಲ್ಲಿದೆ ನೋಡಿ.

ಹಲ್ಲಕ್ಕ ಪಟ್ಟಿ ನೋಡಲಿಲ್ಲ. ಹಾಡು ಹಾಕಿ ಅಂದಳು. ಅವನು ಹಾಕಿದ, ಸ್ಪೀಕರಿನಲ್ಲಿ. ಅವಳು ಕೌಂಟರಿನಿಂದ ಮೂರು ಹೆಜ್ಜೆ ಹಿಂದೆ ಸರಿದು, ಮೆಲ್ಲಗೆ ಹೇಳಿದಳು.

‘ಸಾಕು.’

ನಿಂತಿತು.

ಅವನು ಭೂತಗನ್ನಡಿ ಮೇಲೆತ್ತಿದ. ಫೋನನ್ನು ಕೌಂಟರಿನ ಮೇಲಿಟ್ಟು, ಬೆರಳ ತುದಿಯಲ್ಲಿ ನಮ್ಮ ಕಡೆ ತಳ್ಳಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ‘ಬೇರೆ ಕಡೆ ತೋರ್ಸಿ ಮೇಡಂ’ ಅಂದ. ಅಷ್ಟೇ.

ಆ ರಾತ್ರಿ ಊಟದ ಮೇಜಿನಲ್ಲಿ ಮೂವರೂ ಕೂತಿದ್ದೆವು. ನನ್ನ ತಟ್ಟೆಗೆ ಹಲ್ಲಕ್ಕ ಇನ್ನೊಂದು ಸೌಟು ಹಾಕಲು ಬಂದಳು. ನಾನು ಎಲ್ಲರ ಹಾಗೆ ಅಂಗೈ ಅಡ್ಡ ಹಿಡಿದು ಸಾಕು ಸಾಕು ಅಂದೆ. ಪಿಟೀಲು ತಲೆ ಎತ್ತಿತು. ಮೂರು ದಿನದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಪ್ರಶ್ನೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

‘ಚಿಕ್ಕಿ, ನೀನು ನಂಗೆ ಥಾಕು ಅಂತೀಯಲ್ಲ... ಅದು ಯಾವ ಥಾಕು?’

ಶಾಲೆಯಲ್ಲಿ ಟೀಚರ್ ಹೇಳಿಕೊಟ್ಟಿದ್ದರಂತೆ, ಒಂದೇ ಪದಕ್ಕೆ ಎರಡು ಅರ್ಥ. ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದಿತ್ತು. ಒಂದು: ಇನ್ನು ಬೇಡ. ಎರಡು: ಹೊಟ್ಟೆಗೆ ಹಾಕಿ ಬೆಳೆಸು. ಎರಡನೆಯದಕ್ಕೆ ಉದಾಹರಣೆ ಕೊಡುವಾಗ ಯಾರೋ ಒಬ್ಬಳು ಎದ್ದು, ಪಿಟೀಲು ಸಾಕುಮಗಳು ಟೀಚರ್, ಅಂದಳಂತೆ.

ಹಲ್ಲಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು. ಇಬ್ಬರ ತಲೆಯಲ್ಲೂ ಬಾವಿಯ ಕಟ್ಟೆ. ಮೂರು ಸಲ, ಸ್ಪಷ್ಟವಾಗಿ. ರೇಡಿಯೋಗೆ ಆ ಮಾತು ತಲುಪಲಿಲ್ಲ, ಸರಿ. ಅಲ್ಲಿ ಕೇಳಿಸಿಕೊಂಡದ್ದು ಯಾರು... ಯಾವ ಅರ್ಥದಲ್ಲಿ... ಆ ಮೇಲೆ ದಿನಕ್ಕೆ ಹತ್ತು ಸಲ, ಮೂರು ತಿಂಗಳು, ಇವಳು ಏನು ಮಾಡುತ್ತಾ ಬಂದಳು...

ಮಗುವಿನ ಪ್ರಶ್ನೆಗೆ ಉತ್ತರ ಕೊಡುವುದು ಇಬ್ಬರಿಗೂ ಮರೆತುಹೋಯಿತು. ಅದು ತಟ್ಟೆ ತೊಳೆದಿಟ್ಟು ಸುಮ್ಮನೆ ಹೋಗಿ ಮಲಗಿತು.

ಆ ರೇಡಿಯೋವನ್ನು ಆಗಲೇ ಫೋನಿನಿಂದ ಅಳಿಸಿದೆವು. ಅಳಿಸುವಾಗ ಹಲ್ಲಕ್ಕ ಅತ್ತಳು. ಹೆದರಿ ಅಲ್ಲ. ಅದರಲ್ಲಿ ನನ್ನ ಹಾಡುಗಳೂ ಇದ್ದವಲ್ಲ ಅಕ್ಕ ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. ‘ಪಿಟೀಲಿನ ವಿಷಯದಲ್ಲಿ... ಸಾಕಾಗಿದೆ ಅಂತ ಅನ್ಸೋ ದಿನ ಇದೆ. ನಾಳೆ ಭಾವ ಕೇಳಿದ್ರೆ ಬಾಯಿಗೆ ಏನು ಬರುತ್ತೋ ಗೊತ್ತಿಲ್ಲ.’ ಅವಳನ್ನು ಬೈಯುವ ಯೋಗ್ಯತೆ ನನಗೆ ಎಲ್ಲಿಂದ ಬರಬೇಕು. ಒಂದು ಹೂವಿನ ಕುಂಡವನ್ನೂ ನೆಟ್ಟಗೆ ನೋಡಿಕೊಂಡವಳಲ್ಲ ನಾನು.

ಶನಿವಾರ. ಪಿಟೀಲಿಗೆ ಶಾಲೆ ಅರ್ಧ ದಿನ. ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು, ಹಲ್ಲುಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುತ್ತಿತ್ತು. ಬಿಳಿ, ಹಾಲುಬಿಳಿ, ಚಹಾ ಕುಡಿಯುವವರ ಬಿಳಿ. ಹೊರಗೆ ಬೆಳ್ಳಗೆ ಬಿಸಿಲು. ಹಲ್ಲಕ್ಕ ರಬ್ಬರ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಳು. ಕಲಸಿದ ಮೇಲೆ ಐದಾರು ನಿಮಿಷ ಟೈಮು, ಆಮೇಲೆ ಅದು ಕಲ್ಲು. ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಅವಳ ಕೈ ಮೊಣಕೈವರೆಗೆ ಬಿಳಿ. ನಾನೇ ಎತ್ತಿ, ಸ್ಪೀಕರಿಗೆ ಹಾಕಿ, ಅವಳ ಮುಖದ ಹತ್ತಿರ ಹಿಡಿದೆ.

ಅವನು ಮೊದಲು ಮಗುವನ್ನು ಮಾತಾಡಿಸಿದ, ಎಷ್ಟು ಹಲ್ಲು ಬಿತ್ತು ಅಂತ ಕೇಳಿದ. ಅಂಗಡಿಯ ಹಿಂದೆ ದೋಣಿಗಳು ಕಾಣುತ್ತವೆ ಅಂದ. ಮಗು ಹ್ಞೂಂ ಅಂದಿತು, ಡಬ್ಬಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

‘ಹೇಳಮ್ಮ. ಸಂಕೋಚ ಬೇಡ. ಸಾಕಾ?’

ಹಲ್ಲಕ್ಕ ಬಾಯಿ ತೆರೆದಳು. ಫೋನಿನಲ್ಲಿ ಅವನ ಅಡುಗೆಮನೆಯ ಪಾತ್ರೆಯ ಸದ್ದು. ಅದರ ಮುಂದೆ, ಅದಕ್ಕಿಂತ ತುಂಬ ಹತ್ತಿರದಲ್ಲಿ...

‘ಸಾಕು ಅನ್ನು.’

ಪಿಸುಮಾತು. ನನ್ನ ಅಂಗೈಯಲ್ಲಿ ಫೋನು ನಡುಗಿತು, ದನಿಗೆ.

‘ಯಾರು, ಪಿಟೀಲಾ?’ ಅಂದ ಅವನು. ಅವನಿಗೂ ಕೇಳಿಸಿತ್ತು.

ಪಿಟೀಲು ತಲೆ ಎತ್ತಿತು. ನಾನಲ್ಲಪ್ಪ ಅಂದಿತು. ಪಿಟೀಲು ಆಗಿರಲು ಸಾಧ್ಯವೂ ಇರಲಿಲ್ಲ. ಆ ಪಿಸುಮಾತಿನಲ್ಲಿ ‘ಸ’ ಚೊಕ್ಕವಾಗಿ ಬಂದಿತ್ತು. ಎಲ್ಲ ಹಲ್ಲೂ ಇದ್ದ ಬಾಯಿ.

‘ಅಮ್ಮಾ... ಒಂದೇ ಸಲ. ಸಾಕು ಅನ್ನು.’

ಇವಳು ಸಾಕು ಅಂದರೆ ಅವನು ಮಗುವನ್ನು ಕರೆದೊಯ್ಯುತ್ತಾನೆ. ಅಂದರೆ ಇದು ಇಲ್ಲಿ ಬೆಳೆಯುತ್ತದೆ. ಒಂದೇ ಮಾತು, ಎರಡೂ ಕೆಲಸ. ಅಷ್ಟು ಬುದ್ಧಿ ಅದಕ್ಕೆ ಎಲ್ಲಿಂದ ಬಂತು ಅಂತ ಯೋಚಿಸಿ ಈಗಲೂ ನಾನು ಹಾಸಿಗೆಯಲ್ಲಿ ಎದ್ದು ಕೂರುವುದುಂಟು. ಮೂರು ತಿಂಗಳು ಅವಳನ್ನೇ ಕಲಿತಿತ್ತಲ್ಲ, ಹಾಡು ಹಾಡಾಗಿ.

ಹಲ್ಲಕ್ಕ ಫೋನು ನೋಡುತ್ತಿರಲಿಲ್ಲ. ಸ್ಟೂಲಿನ ಕಡೆ ನೋಡುತ್ತಿದ್ದಳು. ಮಗು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಹೇಳುವುದನ್ನು ಹೇಳಿಬಿಡಲಿ ಅನ್ನುವ ಹಾಗೆ ನೆಲ ನೋಡುತ್ತಾ ಕೂತಿತ್ತು. ಹಿಂದಿನ ರಾತ್ರಿ ಉತ್ತರ ಸಿಗದ ಮಗು.

‘ಭಾವ’ ಅಂದಳು ಹಲ್ಲಕ್ಕ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ‘ನಂಗೆ ಇವಳೊಬ್ಬಳು ಸಾಕು.’

ಫೋನಿನಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ ಅವನು, ಆಯ್ತಮ್ಮ ಬಿಡು ಅಂದ. ಮಳೆ ಶುರುವಾಗುವ ಮುಂಚೆ ಒಂದು ಸಲ ಬಂದು ನೋಡಿಕೊಂಡು ಹೋಗುತ್ತೇನೆ, ಅಲ್ಲಿಯವರೆಗೆ ಶನಿವಾರ ಶನಿವಾರ ಫೋನು ಮಾಡುತ್ತೇನೆ ಅಂತ ಹೇಳಿ ಇಟ್ಟ.

ಪಿಟೀಲು ಸ್ಟೂಲಿನಿಂದ ಇಳಿದು ಬಂತು. ಹಲ್ಲಕ್ಕನ ಬೆನ್ನಿಗೆ ಕೆನ್ನೆ ಒತ್ತಿ ನಿಂತಿತು. ಇವಳು ಬಿಳಿ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದುಕೊಂಡೇ ಅತ್ತಳು, ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಬಟ್ಟಲಿನಲ್ಲಿ ಪ್ಲಾಸ್ಟರ್ ಗಟ್ಟಿಯಾಗಿ, ಕಲಸುವ ಚಾಕು ಅದರಲ್ಲಿ ನೆಟ್ಟ ಹಾಗೆ ನಿಂತುಬಿಟ್ಟಿತ್ತು.

ಆಮೇಲೆ ಫೋನಿನಲ್ಲಿ ನಮಗೆ ಏನೂ ಕೇಳಿಸಲಿಲ್ಲ. ಹಲ್ಲಕ್ಕ ಬರುವ ದಾರಿ ಬದಲಿಸಿದಳು, ಹತ್ತು ನಿಮಿಷ ಸುತ್ತು. ಮನೆಯಲ್ಲಿ ಊಟಕ್ಕೆ ಕೂತರೆ ಅಂಗೈ ಅಡ್ಡ ಹಿಡಿಯುತ್ತಾರೆ, ಬಾಯಲ್ಲಿ ಆ ಪದ ಹೇಳುವುದಿಲ್ಲ. ಹಾಡಿನ ಚಟ ಬಿಡಲಾಗದೆ ಹಲ್ಲಕ್ಕ ಹಳೆಯ ಟೇಪುಗಳನ್ನು ಮಾರುವ ಅಂಗಡಿ ಹುಡುಕಿಕೊಂಡು ಹೋಗಿ, ಹೊದಿಕೆಯ ಚಿತ್ರ ನೋಡಿ ತರುತ್ತಾಳೆ. ಅರ್ಧಕ್ಕರ್ಧ ಕೊಳಲೇ ಇರುತ್ತದಂತೆ.

ನಾನೂ ಮತ್ತೆ ಚೀಲ ಎತ್ತಿಕೊಂಡು ಹೋದೆ. ವಾಪಸು ಬರುವ ಹೊತ್ತಿಗೆ ಎರಡು ತಿಂಗಳು. ನಾನು ಬಂದ ದಿನವೇ ಪಿಟೀಲಿನ ಅಪ್ಪನೂ ಬಂದಿದ್ದ. ಅಗಲ ಭುಜ, ಮೆತ್ತಗಿನ ಮಾತು. ಮಳೆಗಾಲಕ್ಕೆ ಅಂತ ಮಗುವಿಗೆ ಹಳದಿ ರೇನ್‌ಕೋಟ್ ತಂದಿದ್ದ. ಚೀಲದಿಂದ ಒಂದು ತೆಗೆದ. ಆಮೇಲೆ ಇನ್ನೊಂದು ತೆಗೆದ. ಅದೇ ಬಣ್ಣ, ಅದೇ ಅಳತೆ.

ಎರಡು ಯಾಕೆ ಅಂತ ಕೇಳಿದವಳು ನಾನು.

‘ಶನಿವಾರ ಇಬ್ರೂ ಮಾತಾಡ್ತಾರಲ್ಲ’ ಅಂದ ಅವನು. ‘ಇವಳು ಫೋನಿಟ್ಟ ಮೇಲೆ ಇನ್ನೊಬ್ಳು ಎತ್ಕೋತಾಳೆ. ಪಕ್ಕದ್ಮನೆ ಮಗು ಅಂದ್ಕೊಂಡೆ. ನಂಗೂ ತನ್ನಿ ಅಂದ್ಳು, ತಾನೂ ಇಷ್ಟೇ ಎತ್ತರ ಅಂತ.’

ಪಕ್ಕದ ಮನೆಯಲ್ಲಿ ಮಕ್ಕಳಿಲ್ಲ. ಹಲ್ಲಕ್ಕ ಅದನ್ನು ಅವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಂದು ಲ್ಯಾಬಿನಲ್ಲಿ ಅವಳು ಭಾವನಿಗೆ ಆಡಿದ ಮಾತಿನಲ್ಲೂ ಸಾಕು ಅನ್ನುವ ಪದ ಇತ್ತಲ್ಲ ಅನ್ನುವುದು ನನಗೆ ಹೊಳೆದದ್ದು ಆಗ. ಬೇರೆ ಯಾವ ಪದದಲ್ಲಿ ಹೇಳಬಹುದಿತ್ತು, ನೀವೇ ಹೇಳಿ.

ಎರಡೂ ಕೋಟನ್ನು ಹಲ್ಲಕ್ಕ ಬಾಗಿಲ ಹಿಂದಿನ ಮೊಳೆಗಳಿಗೆ ನೇತುಹಾಕಿದಳು. ಯಾರ ಮಗುವಿಗಾದರೂ ಕೊಟ್ಟುಬಿಡು ಅಂತ ನನ್ನ ಬಾಯಿಗೆ ಬಂದಿತ್ತು. ಯಾರ ಮಗುವಿಗೆ ಕೊಡುವುದು.

ಮಳೆ ಇನ್ನೂ ಬಂದಿರಲಿಲ್ಲ. ಮೂರು ದಿನ ಬಿಟ್ಟು ನಾನು ಹೊರಟ ಬೆಳಗ್ಗೆಯೂ ಬಿಸಿಲೇ. ಪಿಟೀಲು ಶಾಲೆಗೆ ಹೋಗಿತ್ತು, ಹಲ್ಲಕ್ಕ ಲ್ಯಾಬಿಗೆ ಹೋಗಿದ್ದಳು, ಮಗುವಿನ ಅಪ್ಪ ಹಿಂದಿನ ದಿನವೇ ಹೊರಟಿದ್ದ. ಮನೆಯಲ್ಲಿ ನಾನೊಬ್ಬಳೇ. ಬಾಗಿಲು ಎಳೆದುಕೊಳ್ಳುವ ಮುಂಚೆ, ಯಾಕೋ ಗೊತ್ತಿಲ್ಲ, ಕೋಟುಗಳ ಮುಂದೆ ನಿಂತೆ. ಒಂದರ ತೋಳಿನೊಳಗೆ ಕೈ ಹಾಕಿದೆ, ಪಿಟೀಲಿನದು. ತಣ್ಣಗಿತ್ತು, ಹೊಸ ಪ್ಲಾಸ್ಟಿಕ್ಕಿನ ಹಾಗೆ ಅಂಟಂಟು.

ಇನ್ನೊಂದರ ತೋಳಿನೊಳಗೆ ಹಾಕಿದೆ.

ಈ ಕೈಯೇ, ನೋಡಿ, ಈ ಬಲಗೈ. ನಾನು ಒಂದಕ್ಕೆ ಎರಡು ಸೇರಿಸಿ ಹೇಳುವವಳಲ್ಲ, ನನ್ನನ್ನು ಬಲ್ಲವರನ್ನು ಕೇಳಿ. ಆ ತೋಳಿನ ಒಳಗೆ ಬೆಚ್ಚಗಿತ್ತು.